ಕುರ್ಚಿಯಿಂದ ಐದು ಸಲ ಎದ್ದು ಕೂತರೆ ತಿಳಿಯುವ ಸಂಗತಿ

"ವಯಸ್ಸಾಯ್ತಲ್ಲ, ಇನ್ನೇನು" ಎನ್ನುವ ಮಾತಿನಡಿ ಮನೆಮನೆಗಳಲ್ಲಿ ಮುಚ್ಚಿಹೋಗುವುದು ಹಿರಿಯರ ಕಸುವು ಕುಂದುವ ಸಮಸ್ಯೆ. ವೈದ್ಯರು ಇದನ್ನು ಫ್ರೇಲ್ಟಿ ಎನ್ನುತ್ತಾರೆ. ಇದಕ್ಕೂ ವಯಸ್ಸಿಗೂ ನಂಟಿದೆ ನಿಜ, ಆದರೆ ಎರಡೂ ಒಂದೇ ಅಲ್ಲ. 85ರಲ್ಲೂ ತೋಟ ಸುತ್ತಿ ಬರುವವರಿದ್ದಾರೆ, 68ಕ್ಕೇ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವವರೂ ಇದ್ದಾರೆ.

ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಐದು ಗುರುತು ಹೇಳಿದರು: ಪ್ರಯತ್ನಪಡದೆಯೇ ವರ್ಷದಲ್ಲಿ ನಾಲ್ಕೂವರೆ ಕಿಲೋ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಿಧಾನ ನಡಿಗೆ, ಓಡಾಟ ತಗ್ಗುವುದು. ಮೂರಿದ್ದರೆ ಫ್ರೇಲ್. ಒಂದೋ ಎರಡೋ ಇದ್ದರೆ ಅಂಚಿನಲ್ಲಿದ್ದಾರೆಂದು ಅರ್ಥ. ಈ ಅಂಚಿನಿಂದ ಮತ್ತೆ ಗಟ್ಟಿಯಾದವರು ಬೇಕಾದಷ್ಟು ಜನ. ಪೂರ್ತಿ ಸೊರಗಿದ ಮೇಲೆ ಹಿಂದಿರುಗುವುದು ಬಲು ಕಷ್ಟ. ಅದಕ್ಕೇ ಬೇಗ ಅಳೆಯಬೇಕು.

ಕೈಯಿಲ್ಲದ, ಸುಮಾರು 45 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎದೆಯ ಮೇಲೆ ಕೈಕಟ್ಟಿ, ಆದಷ್ಟು ಬೇಗ ಐದು ಸಲ ಪೂರ್ತಿ ಎದ್ದು ಕೂರಲಿ; ಪಕ್ಕದಲ್ಲಿ ಒಬ್ಬರು ನಿಂತಿರಲಿ. ಏಷ್ಯಾದ ತಜ್ಞರ 2019ರ ಮಾನದಂಡದಂತೆ 12 ಸೆಕೆಂಡ್ ಅಥವಾ ಹೆಚ್ಚಾದರೆ ಕಾಲಿನ ಸ್ನಾಯು ಸೋತಿದೆ. ನಡಿಗೆಗೆ ಜಗಲಿಯಲ್ಲಿ 6 ಮೀಟರ್ ಗುರುತು ಹಾಕಿ, ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಹೆಚ್ಚು ಬಿಡಿ. ಇಲ್ಲದಿದ್ದರೆ ಹೊರಡುವ, ನಿಲ್ಲುವ ನಿಧಾನವೂ ಲೆಕ್ಕಕ್ಕೆ ಸೇರುತ್ತದೆ. ದಿನನಿತ್ಯದ ನಡಿಗೆಯಲ್ಲಿ ನಡುವಿನ 6 ಮೀಟರ್‌ಗೆ 6 ಸೆಕೆಂಡ್ ಮೀರಿದರೆ ಗಮನಿಸಬೇಕು. ಲೆಕ್ಕ ತಪ್ಪುವುದು ಹೆಚ್ಚಾಗಿ ಒಮ್ಮೆ ಸೋಫಾ, ಇನ್ನೊಮ್ಮೆ ಪ್ಲಾಸ್ಟಿಕ್ ಕುರ್ಚಿ ಬಳಸಿದಾಗ, ಇಲ್ಲವೇ ತೊಡೆಗೆ ಕೈ ಊರಿ ಏಳಲು ಬಿಟ್ಟಾಗ.

ಮೂರು ತಿಂಗಳಿಗೊಮ್ಮೆ ತೂಕದ ಜೊತೆ ಬರೆದಿಡಿ. ಕಸುವು ಇಳಿಜಾರಿನಂತೆ ಜಾರುವುದು ಕಡಿಮೆ, ಮೆಟ್ಟಿಲಿನಂತೆ ಧಪ್ಪನೆ ಕುಸಿಯುವುದೇ ಹೆಚ್ಚು. ಚಿಕೂನ್‌ಗುನ್ಯಾ, ನ್ಯುಮೋನಿಯಾ, ಸೊಂಟದ ಮೂಳೆ ಮುರಿತ, ಇವೇ ಆ ಮೆಟ್ಟಿಲುಗಳು. ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿರಿಸಿ ನೋಡಿದ ಅಧ್ಯಯನದಲ್ಲಿ ಕಾಲುಗಳಿಂದಲೇ ಕಿಲೋ ಹತ್ತಿರ ಮಾಂಸ ಕರಗಿತ್ತು. "ಮಲಗಿ ಸುಧಾರಿಸಿಕೊಳ್ಳಿ" ಎಂಬ ಅಕ್ಕರೆಯ ಮಾತು ಹಲವು ಸಲ ಕೆಡುಕೇ ಮಾಡುತ್ತದೆ. ವೈದ್ಯರು ಒಪ್ಪಿದ ದಿನದಿಂದಲೇ ಎಬ್ಬಿಸಿ ನಡೆಸಿ.

ಊಟದ ಕೊರತೆ ಪ್ರೋಟೀನಿನದು. 60 ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 72 ಗ್ರಾಂ ಬೇಕು. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸಿಗುವುದು 7 ಗ್ರಾಂ. ನೀರಾದ ಬೇಳೆಸಾರಿನಲ್ಲಿ ಇನ್ನೂ ಕಡಿಮೆ. ಎರಡು ಮೊಟ್ಟೆ 12 ಗ್ರಾಂ, ಲೋಟ ಹಾಲು 6, ಒಂದು ಹಿಡಿ ಹೆಸರುಕಾಳಿನ ಉಸಲಿ 7. ಹಲ್ಲುಸೆಟ್ಟು ಸಡಿಲವಾದವರು ಗಂಜಿಗೆ ಇಳಿದುಬಿಡುತ್ತಾರೆ, ಆಗ ಮೊದಲು ಹಲ್ಲು ಸರಿಪಡಿಸಿ. ಮೂತ್ರಪಿಂಡದ ಕಾಯಿಲೆಯಿದ್ದರೆ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಬರೀ ವಾಕಿಂಗ್ ಸಾಲದು. ಕುರ್ಚಿಯಿಂದ ಏಳುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ತಲಾ ಎಂಟು ಹತ್ತು ಸಲದಂತೆ ವಾರಕ್ಕೆ ಮೂರು ದಿನವಾದರೂ ಆಗಲಿ.

ತೂಕ ಇಳಿದರೂ ಬಿಪಿ, ಸಕ್ಕರೆ ಮಾತ್ರೆ ಹಳೆಯ ಪ್ರಮಾಣದಲ್ಲೇ ಉಳಿದಿರುವುದು ಬಹಳ ಕಡೆ ಕಾಣುತ್ತದೆ. ಆಗ ಎದ್ದೊಡನೆ ತಲೆಸುತ್ತು, ಬೀಳುವುದು. ಮಲಗಿದಾಗೊಮ್ಮೆ, ನಿಂತ ಮೂರು ನಿಮಿಷದೊಳಗೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಇಳಿದಿದ್ದರೆ ಮಾತ್ರೆಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ. ನಿದ್ರೆ ಮಾತ್ರೆ, ಆಯುರ್ವೇದದ ಗುಳಿಗೆಗಳೂ ಅದರಲ್ಲಿರಲಿ.