ಗುಂಡನ ಕಾಲು ಮಾತ್ರೆ

ನಮ್ಮ ಗುಂಡ ಕಾಂಪೌಂಡ್ ಹತ್ತಲು ಹೋಗಿ ದೊಪ್ಪನೆ ಬಿದ್ದ. ಬೆಕ್ಕು ಬೀಳೋದು ಅಂದ್ರೇನು? ಕಣ್ಣು ತೆರೆದೇ ಇತ್ತು, ಕೈಕಾಲು ಮಾತ್ರ ಆಡಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು, ಏನೂ ಆಗೇ ಇಲ್ಲ ಅನ್ನೋ ಹಾಗೆ ಮೈ ನೆಕ್ಕುತ್ತಾ ಕೂತ. ದಾವಣಗೆರೆಯ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ಬಡಿತ ನಡುನಡುವೆ ತಪ್ತಿದೆ, ಇಸಿಜಿ ಆಗಲೇಬೇಕು" ಅಂದರು. ಶಿವಮೊಗ್ಗಕ್ಕೆ ಹೊರಟೆವು. ಹೊನ್ನಾಳಿ ದಾಟುವವರೆಗೂ ಬುಟ್ಟಿಯೊಳಗಿಂದ ಒಂದೇ ಕೂಗು.

ಅಲ್ಲಿ ಗುಂಡನನ್ನು ಬಲಮಗ್ಗುಲಿಗೆ ಮಲಗಿಸಿ, ಕಾಲುಗಳಿಗೆ ಸ್ಪಿರಿಟ್ ಸವರಿ ಕ್ಲಿಪ್ ಹಾಕಿದರು. ಕಾಗದದ ಮೇಲೆ ಸಣ್ಣ ಗೆರೆಗಳ ಸಾಲು, ಮಧ್ಯೆ ಮಧ್ಯೆ ಅಗಲವಾದ ಒಂದೊಂದು ಗೆರೆ. ಆ ಅಗಲದ್ದೇ ತಪ್ಪು ಬಡಿತವಂತೆ. ಆಸ್ಪತ್ರೆಯಲ್ಲಿ ಹೆದರಿದ ಬೆಕ್ಕಿನ ಎದೆ ನಿಮಿಷಕ್ಕೆ 200 ಸಲ ಬಡಿದರೂ ರೋಗ ಅಲ್ಲ, ಬಡಿತ ಹಳಿ ತಪ್ಪೋದು ರೋಗ ಅಂದರು. ಸ್ಕ್ಯಾನ್‌ನಲ್ಲಿ ಹೃದಯದ ಗೋಡೆ ದಪ್ಪಗಾಗಿತ್ತು. ವಯಸ್ಸಾದ ಬೆಕ್ಕುಗಳಲ್ಲಿ ಥೈರಾಯ್ಡ್ ಜಾಸ್ತಿಯಾದರೂ ಹೃದಯ ಕೆಡುತ್ತಂತೆ. ಅದಕ್ಕೂ ರಕ್ತ ಪರೀಕ್ಷೆ ಆಯಿತು, ಅದು ಸರಿಯಿತ್ತು.

ಬರೆದುಕೊಟ್ಟಿದ್ದು ಅಟೆನೊಲಾಲ್. ಮನುಷ್ಯರ ಬಿಪಿ ಮಾತ್ರೆಯೇ. 25 ಮಿಲಿಗ್ರಾಂನದ್ದರಲ್ಲಿ ಕಾಲು ಭಾಗ, ದಿನಕ್ಕೆರಡು ಸಲ.

ಮೆಡಿಕಲ್ ಶಾಪಿನವನು ಬಿಲ್ ಹಾಕುತ್ತಾ, "ಪೇಷಂಟ್ ಹೆಸರು?" ಅಂದ.

"ಗುಂಡ."

"ವಯಸ್ಸು?"

"ಒಂಬತ್ತು."

ತಲೆಯೆತ್ತಿ ನೋಡಿದ ಪಾಪ. ಬೆಕ್ಕು ಅಂದಮೇಲೆ ನಕ್ಕ.

ಕಾಯಿಲೆಗಿಂತ ಆ ಕಾಲು ಮಾತ್ರೆಯೇ ಕಷ್ಟ. ಅರ್ಧ ಸರಿಯಾಗಿ ಮುರಿಯುತ್ತೆ, ಕಾಲು ಮಾಡೋಕೆ ಹೋದರೆ ಪುಡಿ. ಕೊನೆಗೆ ಮಾತ್ರೆ ಕತ್ತರಿಸುವ ಡಬ್ಬಿಯನ್ನೇ ತಂದೆ. ನಮ್ಮೂರಲ್ಲಿ ಬೆಣ್ಣೆಗೇನು ಬರ, ಅದರಲ್ಲಿ ಸುತ್ತಿ ಇಟ್ಟರೆ ಬೆಣ್ಣೆ ನೆಕ್ಕಿ ಮಾತ್ರೆ ಉಗಿದ! ಈಗ ಟವೆಲ್‌ನಲ್ಲಿ ಸುತ್ತಿ, ನಾಲಿಗೆಯ ಬುಡಕ್ಕೆ ಹಾಕಿ, ಹಿಂದೆಯೇ ಸಿರಿಂಜ್‌ನಲ್ಲಿ ಸ್ವಲ್ಪ ನೀರು ಬಿಡ್ತೀನಿ. ಮಾತ್ರೆ ಗಂಟಲಲ್ಲೇ ಅಂಟಿಕೊಂಡರೆ ಹುಣ್ಣಾಗಬಹುದಂತೆ.

"ಬೆಕ್ಕಿಗೂ ಬಿಪಿ ಮಾತ್ರೆ ಕೊಡ್ತಾರೇನೋ? ತಲೆ ಕೆಟ್ಟೈತೆ ನಿನಗೆ" ಅಂದಿದ್ದ ಅವ್ವನೇ ಈಗ ಗಡಿಯಾರ ನೋಡುತ್ತಾ, ಗುಂಡ ಮಲಗಿದಾಗ ಹೊಟ್ಟೆ ಏರಿಳಿಯೋದನ್ನು ಎಣಿಸ್ತಾಳೆ. ನಿಮಿಷಕ್ಕೆ 30 ದಾಟಿದರೆ ಡಾಕ್ಟರಿಗೆ ಫೋನ್. ಹಿಂಗಾಲು ಎಳೆದುಕೊಂಡು ನಡೆದರೆ, ಕಾಲು ತಣ್ಣಗಾದರೆ ರಕ್ತ ಹೆಪ್ಪುಗಟ್ಟಿರಬಹುದು, ಆಗ ಫೋನಲ್ಲ, ನೇರ ಆಸ್ಪತ್ರೆಗೇ ಓಡಬೇಕು. ಚೆನ್ನಾಗಿದ್ದಾನೆ ಅಂತ ನಾವೇ ಮಾತ್ರೆ ನಿಲ್ಲಿಸುವಂತೆಯೂ ಇಲ್ಲ.

ಮತ್ತೆ ಇಸಿಜಿ ಮಾಡಿಸಿದಾಗ ಅಗಲದ ಗೆರೆಗಳು ಕಡಿಮೆಯಾಗಿದ್ದವು, ಪೂರ್ತಿ ಹೋಗಿರಲಿಲ್ಲ. ಅದೇ ಡೋಸ್ ಮುಂದುವರಿಸಿ ಅಂದರು. ಹಾಗಾಗಿ ಮದುವೆ ಮುಂಜಿ ಅಂತ ಊರಿಗೆ ಹೋಗೋದಿದ್ದರೆ ಈಗ ನಮ್ಮಲ್ಲೊಬ್ಬರು ಮನೆಯಲ್ಲೇ ಉಳೀತೀವಿ.