ರಾತ್ರಿ ಶುಗರ್ ಇಳಿಯದಿರಲು ಸಂಜೆಯೇ ಎಚ್ಚರ ಬೇಕು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಕಡೆ ಊಟದ ಹೊತ್ತಿಗೆ ನೆಲೆ ಇರುವುದಿಲ್ಲ. ಏಳಕ್ಕೆ ಇನ್ಸುಲಿನ್ ಚುಚ್ಚಿಕೊಂಡವರು ಟ್ರ್ಯಾಕ್ಟರ್ ತುಂಬಿ ಕಳಿಸಿ ಒಂಬತ್ತೂವರೆಗೆ ರೊಟ್ಟಿ ಮುರಿಯುತ್ತಾರೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ಉಂಡವರೇ ಮತ್ತೆ ಹೊಲಕ್ಕೆ ನೀರು ಹಾಯಿಸಲು ಹೋಗುತ್ತಾರೆ. ನಡುರಾತ್ರಿ ಶುಗರ್ 70ರ ಕೆಳಗೆ ಇಳಿಯುವುದಕ್ಕೆ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ.

30/70 ಮಿಕ್ಸ್ ಇನ್ಸುಲಿನ್ನಿನಲ್ಲಿ 30 ಭಾಗ ಬೇಗ ಕೆಲಸ ಮಾಡುತ್ತದೆ. ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಉಳಿದ 70 ಭಾಗ ನಿಧಾನವಾಗಿ ಕೆಲಸ ಮಾಡುವ ಎನ್‌ಪಿಎಚ್. ಅದರ ಜೋರು ಚುಚ್ಚಿಕೊಂಡ ಮೇಲೆ ಸುಮಾರು 4ರಿಂದ 10 ಗಂಟೆಯ ನಡುವೆ. ಎಂಟಕ್ಕೆ ಚುಚ್ಚಿಕೊಂಡರೆ ಅದು ಸರಿಯಾಗಿ ಗಾಢ ನಿದ್ದೆಯ ಹೊತ್ತು. ದಿನವಿಡೀ ದುಡಿದ ಸ್ನಾಯುಗಳೂ ಆಗ ರಕ್ತದಿಂದ ಗ್ಲೂಕೋಸ್ ಹೀರುತ್ತಲೇ ಇರುತ್ತವೆ. ಮೇಲೆ ಸಾರಾಯಿ ಕುಡಿದಿದ್ದರೆ ಯಕೃತ್ತು ಹೊಸ ಸಕ್ಕರೆ ತಯಾರಿಸುವುದಿಲ್ಲ. ಆದ್ದರಿಂದ ಅಡುಗೆ ಆಗಿದೆ, ಅರ್ಧ ಗಂಟೆಯಲ್ಲಿ ಉಣ್ಣುತ್ತೇವೆ ಎಂದು ಖಾತ್ರಿಯಾದ ಮೇಲೆಯೇ ಚುಚ್ಚಿಕೊಳ್ಳಿ. ಕೆಲಸ ಹೆಚ್ಚಿರುವ ದಿನ, ಒಪ್ಪತ್ತು ಇರುವ ದಿನ ಎಷ್ಟು ಯೂನಿಟ್ ಇಳಿಸಬೇಕೆಂದು ಡಾಕ್ಟರರಿಂದ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಗುಳಿಗೆ ನುಂಗುವವರಿಗೂ ಇದೇ ಮಾತು. ವಯಸ್ಸಾದವರಿಗೆ, ಕಿಡ್ನಿ ದುರ್ಬಲವಾದವರಿಗೆ ಇನ್ನೂ ಹೆಚ್ಚು.

ಸಿರಿಂಜ್ ವಿಷಯದಲ್ಲಿ ಎಷ್ಟು ಹೇಳಿದರೂ ಕಡಿಮೆಯೇ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100. ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ನ ಔಷಧವನ್ನು ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 20 ಅಲ್ಲ, 50 ಯೂನಿಟ್.

ಮಲಗುವ ಮುಂಚೆ ಒಮ್ಮೆ ಬೆರಳು ಚುಚ್ಚಿ ನೋಡಿ. 100ಕ್ಕಿಂತ ಕಡಿಮೆ ಇದ್ದರೆ ಅರ್ಧ ರೊಟ್ಟಿ ಅಥವಾ ಒಂದು ಲೋಟ ಹಾಲು ತೆಗೆದುಕೊಂಡು ಮಲಗಿ. ಡೋಸ್ ಬದಲಾದಾಗ ಒಂದೆರಡು ರಾತ್ರಿ ಎರಡು–ಮೂರು ಗಂಟೆಗೂ ನೋಡಬೇಕು. ಬೆವರಿಗೆ ದಿಂಬು ಒದ್ದೆಯಾಗುವುದು, ಕೆಟ್ಟ ಕನಸು, ನಿದ್ದೆಯಲ್ಲಿ ಬಡಬಡಿಸುವುದು, ಬೆಳಿಗ್ಗೆ ತಲೆನೋವು ಕಂಡರೆ ಮನೆಯವರು ಅನುಮಾನಿಸಬೇಕು. ಕೆಲವು ಬಿಪಿ ಗುಳಿಗೆಗಳು ಕೈನಡುಕ, ಎದೆಬಡಿತವನ್ನು ಮರೆಮಾಚುತ್ತವೆ; ಬೆವರನ್ನು ಮಾತ್ರ ಸಾಮಾನ್ಯವಾಗಿ ಮರೆಮಾಚುವುದಿಲ್ಲ.

ಎಚ್ಚರ ಇದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಮೂರು ತುಂಬು ಟೀ ಚಮಚ, ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. 70 ದಾಟಿರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಪುಡಿ ಇಲ್ಲದಿದ್ದರೆ ಸಕ್ಕರೆ ನೀರೂ ನಡೆಯುತ್ತದೆ. ಆದರೆ ಗುಳಿಗೆಯ ಪಟ್ಟಿ ತಿರುಗಿಸಿ ಓದಿ: ಅದರಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ್ದರೆ ಸಕ್ಕರೆ ಬೇಗ ಒಡೆದು ರಕ್ತ ಸೇರುವುದಿಲ್ಲ, ಗ್ಲೂಕೋಸೇ ಬೇಕು. ಶೇಂಗಾ ಉಂಡಿ ಕೊಡುವ ರೂಢಿ ಬಿಡಿ. ಅದರ ಎಣ್ಣೆ ಅಂಶದಿಂದ ಸಕ್ಕರೆ ರಕ್ತ ಸೇರುವುದು ತಡವಾಗುತ್ತದೆ. ಶುಗರ್ ಏರಿದ ಮೇಲೆ ಸ್ವಲ್ಪ ರೊಟ್ಟಿ ತಿನ್ನಿಸಿ.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಿಂದ ಹೀಗಾದವರು ಎದ್ದು ಕೂತು ಮಾತಾಡಿದರೂ ದವಾಖಾನೆಗೆ ಕರೆದೊಯ್ಯಲೇಬೇಕು. ಗುಳಿಗೆಯ ಪ್ರಭಾವ ಇಳಿಯುವ ತನಕ ಶುಗರ್ ಮತ್ತೆ ಬೀಳಬಹುದು.