ಬಣ್ಣ ಬಿಟ್ಟ ಸೊಪ್ಪು

ಗಾಂಧಿ ಬಜಾರಿನಿಂದ ತಂದ ಪಾಲಕ್ ಎಷ್ಟು ಹಸಿರಾಗಿತ್ತು ಅಂದ್ರೆ, ಹೆಚ್ಚೋಕೇ ಮನಸ್ಸು ಬರಲಿಲ್ಲ. ಆದರೂ ಹೆಚ್ಚಿದೆ. ಬೇಳೆ ಜೊತೆ ಬೇಯೋಕೆ ಇಟ್ಟೆ. ಅಷ್ಟರಲ್ಲಿ ಆಫೀಸಿನ ಕಾಲ್. ಅವಸರದಲ್ಲಿ ಹುಣಸೆರಸವನ್ನೂ ಆಗಲೇ ಸುರಿದುಬಿಟ್ಟೆ.

20 ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಹಸಿರು ನಾಪತ್ತೆ! ಮಳೆಯಲ್ಲಿ ನೆನೆದು ಕೊಳೆತ ಎಲೆಯ ಬಣ್ಣ.

ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ ನಕ್ಕರು. "ಹುಳಿ ಕೊನೆಗೆ ಹಾಕ್ಬೇಕು ಕಣೇ, ಎಷ್ಟು ಸಲ ಹೇಳಿದೀನಿ."

ಅಮ್ಮನಿಗೆ ಕಾರಣ ಬೇಕಿಲ್ಲ. ನನಗೆ ಸುಮ್ನೆ ಕಾಲೇಜಿನ ಕೆಮಿಸ್ಟ್ರಿ ನೆನಪಾಯ್ತು.

ಎಲೆಗೆ ಹಸಿರು ಬಣ್ಣ ಕೊಡೋ ಕ್ಲೋರೋಫಿಲ್‌ನಲ್ಲಿ ಪರಮಾಣುಗಳ ಒಂದು ಉಂಗುರ, ಅದರ ನಡುವೆ ಒಂದೇ ಒಂದು ಮೆಗ್ನೀಸಿಯಂ. ಹುಳಿಯೂ ಬಿಸಿಯೂ ಸೇರಿದರೆ ಅದು ಎದ್ದು ಹೋಗುತ್ತದೆ. ಆ ಜಾಗದಲ್ಲಿ ಎರಡು ಹೈಡ್ರೋಜನ್ ಬಂದು ಕೂರುತ್ತವೆ, ಬಿಎಂಟಿಸಿ ಬಸ್ಸಲ್ಲಿ ಸೀಟು ಖಾಲಿಯಾದ ಹಾಗೆ. ಅಷ್ಟಕ್ಕೇ ಹಸಿರು ಹೋಯ್ತು.

ಹೆಚ್ಚು ಕಡಿಮೆ ಅಂಥದ್ದೇ ಉಂಗುರ ನಮ್ಮ ರಕ್ತದಲ್ಲೂ ಇದೆ ಅಲ್ವಾ. ನಡುವೆ ಮೆಗ್ನೀಸಿಯಂ ಬದಲು ಕಬ್ಬಿಣ. ರಕ್ತದ ಒಂದು ಹಿಮೋಗ್ಲೋಬಿನ್ ಅಣುವಿಗೆ ಅಂಥ 4 ಉಂಗುರ. ಉಸಿರಿನ ಆಮ್ಲಜನಕ ಆ ಕಬ್ಬಿಣಕ್ಕೆ ಅಂಟಿಕೊಂಡೇ ಮೈಯೆಲ್ಲ ಸುತ್ತುತ್ತದೆ. ದೊಡ್ಡವರ ಮೈಯಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ, ಒಂದು ಮೊಳೆಯಷ್ಟು. ಆಕ್ಟೋಪಸ್ಸಿಗೆ ಇದೇ ಕೆಲಸ ಮಾಡೋದು ತಾಮ್ರ. ಅದಕ್ಕೇ ಅದರ ರಕ್ತ ನೀಲಿ.

ಸೊಪ್ಪಿನ ಹುಳಿ ಮಾತ್ರ ರುಚಿಯಾಗೇ ಇತ್ತು. ನಮ್ಮೆಜಮಾನರು ಎರಡು ಸಲ ಹಾಕಿಸಿಕೊಂಡು ಕೇಳಿದರು, "ಇದು ಯಾವ ಸೊಪ್ಪು?"